ಮೂವತ್ತೊಂಬತ್ತು ಮೆಟ್ಟಿಲ ಮನೆಗೊಂದು ರಾಟೆಕುರ್ಚಿ

“ಕೂಲಿಗೆ ಊರನ್ನೆಲ್ಲ ಬೆನ್ ಮೇಲೆ ಹೊತ್ಕೊಂಡ್ ತಿರುಗ್ತೀಯ, ಹೆತ್ತಪ್ಪನ್ನ ಹೊರೋಕೆ ಮಾತ್ರ ಪುರಸಭೆಯೋರು ಕುರ್ಚಿ ಮಾಡಿಸ್ಕೊಡ್ಬೇಕೇನೋ? ಥೂ ನಿನ್ನ!” ಎಂದು ಗುಮಾಸ್ತ ನಂಜರಾಜ ಕಿಟಕಿಯ ಕಂಬಿಗಳ ಸಂದಿಯಿಂದ ಕೂಗಿದಾಗ ನನ್ನ ಹಿಂದೆ ಸಾಲಿನಲ್ಲಿ ಹತ್ತೊಂಬತ್ತು ಜನ ನಿಂತಿದ್ದರು. ಹತ್ತೊಂಬತ್ತೇ ಎಂದು ಹೇಗೆ ಗೊತ್ತು ಎಂದರೆ, ಅವರು ನಕ್ಕಾಗ ನಾನು ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅವರಲ್ಲಿ ಏಳು ಜನರನ್ನು ನಾನೇ ಒಂದಲ್ಲ ಒಂದು ದಿನ ಅವರವರ ಮನೆ ಬಾಗಿಲಿಗೆ ಹೊತ್ತು ಮುಟ್ಟಿಸಿದ್ದೆ. ಒಬ್ಬಾಕೆಯನ್ನು ಹೆರಿಗೆಯಾದ ಮೂರನೇ ದಿನ ಮಗುವಿನ ಸಮೇತ. ಆಕೆಯೂ ನಕ್ಕಳು, ಸೆರಗು ಅಡ್ಡ ಹಿಡಿದುಕೊಂಡು.

ನಂಜರಾಜನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ನನ್ನ ಅರ್ಜಿಯ ಹಿಂದೆ ಹೊಲಿದಿದ್ದ ತಪಾಸಣೆಯ ವರದಿಯನ್ನು ಎಲ್ಲರಿಗೂ ಕೇಳುವಂತೆ ಓದಿದ. “ಸ್ಥಳ ಪರಿಶೀಲಿಸಲಾಗಿ, ಮನೆಗೆ ಏರುವುದು ಸುಗಮವಾಗಿದೆ. ಕುಟುಂಬದಲ್ಲಿ ಶಕ್ತನಾದ ಹೊರುವವನಿದ್ದಾನೆ. ಯಾವುದೇ ತೊಂದರೆ ಕಂಡುಬರಲಿಲ್ಲ. ಅರ್ಜಿಯನ್ನು ತಿರಸ್ಕರಿಸಬಹುದು.” ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿದ. “ತಪಾಸಣೆಗ್ ಬಂದ ಸಾಹೇಬ್ರನ್ನ ನೀನೇ ಹೊತ್ಕೊಂಡ್ ಹೋದ್ಯಂತಲ್ಲ, ಹೌದಾ ಅಲ್ವಾ?”

ಹೌದು. ನಾನೇ ಹೊತ್ತುಕೊಂಡು ಹೋಗಿದ್ದೆ. ಬಾಯಲ್ಲಿ ಬೈಗುಳ ಮಾತ್ರ ಇತ್ತು. ಅದನ್ನೆಲ್ಲ ಬೈದೆ. ಕಿಟಕಿಯ ಕಂಬಿ ಹಿಡಿದು ಅಲ್ಲಾಡಿಸಿದೆ. ಅರ್ಜಿ ಬರೆದುಕೊಡುವ ಮುಮ್ತಾಜಕ್ಕ ಹೊರಗಿನ ತನ್ನ ಮೇಜಿನಿಂದ ಎದ್ದು ಬಂದು ನನ್ನ ಅಂಗಿಯ ತೋಳು ಹಿಡಿದು ಎಳೆದುಕೊಂಡು ಹೋಗದಿದ್ದರೆ ಆ ದಿನ ಏನಾಗುತ್ತಿತ್ತೋ. ಆದದ್ದಕ್ಕಿಂತ ಒಳ್ಳೆಯದೇ ಆಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಜೈಲಿಗೆ ಹೋಗಿರುತ್ತಿದ್ದೆ, ಮನೆಗಂತೂ ಹೋಗುತ್ತಿರಲಿಲ್ಲ.

ನಮ್ಮೂರಲ್ಲಿ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಮನೆಗೂ ಕೆಳಗೆ ಹೊಸದೊಂದು ಮೆಟ್ಟಿಲು ಬಂದಿರುತ್ತದೆ. ಮನೆ ಅಷ್ಟು ಮೇಲೆ ಹೋಗಿರುತ್ತದೆ. ಹೆಂಗಸರು ಅದಕ್ಕೆ ನೀರು ಹಾಕಿ ಉಜ್ಜುತ್ತಾರೆ, ಗಂಡಸರು ಬಾಗಿಲ ಹಗ್ಗಕ್ಕೆ ಇನ್ನೊಂದು ಗೇಣು ತುಂಡು ಗಂಟು ಹಾಕಿ ಉದ್ದ ಮಾಡುತ್ತಾರೆ. ಹಾಲಿನವನು ಕೆಳಗೆ ನಿಂತು ಗಂಟೆ ಬಾರಿಸಿದರೆ ಆ ಹಗ್ಗದ ತುದಿಗೆ ಪಾತ್ರೆ ಇಳಿದು ಬರುತ್ತದೆ. ಹೆಣ್ಣು ಕೊಡುವವರು ಮೊದಲು ಮೆಟ್ಟಿಲು ಎಣಿಸುತ್ತಾರೆ, ಹದಿನೈದು ದಾಟಿದರೆ ಕಾಫಿಗೂ ಹತ್ತದೆ ಹಾಗೇ ಹೋಗುತ್ತಾರೆ. ಬೇರೆ ಕಡೆ ಹೊಸ ಮನೆ ಕಟ್ಟಿಕೊಳ್ಳೋಣ ಎಂದರೆ ಊರಿನ ಖಾಲಿ ಜಾಗವನ್ನೆಲ್ಲ ಪುರಸಭೆ ತನಗೆಂದು ಇಟ್ಟುಕೊಂಡಿದೆ. ಅವರ ಕಚೇರಿಗೆ ಯಾವಾಗಲೂ ಮೂರೇ ಮೆಟ್ಟಿಲು. ನಾಲ್ಕನೆಯದು ಬರುವ ಹೊತ್ತಿಗೆ ಅವರು ಇನ್ನೊಂದು ಕಟ್ಟಡ ಕಟ್ಟಿ ಅಲ್ಲಿಗೆ ಹೋಗಿರುತ್ತಾರೆ. ಶಾಲೆಗೆ ನೂರಹದಿನಾಲ್ಕು. ಏಳನೇ ತರಗತಿಯಲ್ಲಿದ್ದಾಗ ನಾನು ಹೆಡ್ಮಾಸ್ಟರನ್ನು ದಿನಾ ಬೆನ್ನ ಮೇಲೆ ಶಾಲೆಗೆ ಹೊತ್ತುಕೊಂಡು ಹೋಗುತ್ತಿದ್ದೆ. ಅವರನ್ನು ಇಳಿಸಿ, ಕೆಳಗೆ ಇನ್ನೂ ಇಬ್ಬರು ಮೇಷ್ಟರು ಕಾಯುತ್ತಿದ್ದಾರೆಂದು ಇಳಿದು ಬರುತ್ತಿದ್ದೆ. ನಾನು ಶಾಲೆ ಬಿಟ್ಟದ್ದು ಹಾಗೆ. ಬಿಟ್ಟೆ ಎಂದು ನನಗೂ ಗೊತ್ತಾಗಲಿಲ್ಲ, ಅವರಿಗೂ ಗೊತ್ತಾಗಲಿಲ್ಲ.

ಹೊರುವುದು ನಮ್ಮ ಕಸುಬು. ಬೆನ್ನಿಗೊಂದು ಮರದ ಮಣೆ, ಹೆಗಲಿಗೆ ಎರಡು ಚರ್ಮದ ಪಟ್ಟಿ, ಹಣೆಗೆ ಒಂದು. ಮಣೆಯ ಮೇಲೆ ಕೂರುವವರನ್ನು ನಾವು ಸವಾರಿ ಎನ್ನುತ್ತೇವೆ. ಮುದುಕರು, ಬಸುರಿಯರು, ಕಾಲು ಮುರಿದವರು, ಕಾಲು ಚೆನ್ನಾಗಿದ್ದೂ ದುಡ್ಡಿರುವವರು. ನನ್ನಪ್ಪ ಈರಭದ್ರಯ್ಯ ಮೂವತ್ತೈದು ವರ್ಷ ಹೊತ್ತ. ಅವನ ಬೆನ್ನ ಮೇಲೆ ಕೂತವರು ನಿದ್ದೆ ಹೋಗುತ್ತಿದ್ದರು, ಅಷ್ಟು ನಯ. ನನಗೆ ಕಲಿಸುವಾಗ ಮಣೆಯ ಮೇಲೆ ಬಾಯ್ತುಂಬ ನೀರು ತುಂಬಿದ ಕೊಡ ಕಟ್ಟುತ್ತಿದ್ದ. ಕುತ್ತಿಗೆ ಒದ್ದೆಯಾದರೆ ಹಿಂದಿನಿಂದ ತಲೆಗೊಂದು ಬೀಳುತ್ತಿತ್ತು. “ಸವಾರಿಗೆ ಮೆಟ್ಲು ಗೊತ್ತಾಗ್ಬಾರ್ದು ಕಣ್ಲಾ. ಮೆಟ್ಲು ಐತೆ ಅಂತ್ಲೇ ಗೊತ್ತಾಗ್ಬಾರ್ದು.” ಹತ್ತು ವರ್ಷದಲ್ಲಿ ಒಂದು ಸಲವೂ ಚೆನ್ನಾಗಿ ಹೊತ್ತೆ ಎನ್ನಲಿಲ್ಲ.

ಮೂವತ್ತೈದು ವರ್ಷ ಮೆಟ್ಟಿಲ ಮೇಲೆ ಕಾಲು ತಪ್ಪದವನು ಎರಡು ವರ್ಷದ ಹಿಂದೆ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಡಾಕ್ಟರನ್ನು ನಾನೇ ಹೊತ್ತು ತಂದೆ. ಆಸ್ಪತ್ರೆಗೆ ಇಳಿಸಲೇಬೇಕು ಎಂದರು. ಅಪ್ಪ ಒಪ್ಪಲಿಲ್ಲ. ಹೊರುವವರು ಇನ್ನೊಬ್ಬರ ಬೆನ್ನು ಹತ್ತುವುದಿಲ್ಲ. ಎಲ್ಲೂ ಬರೆದಿಟ್ಟದ್ದಲ್ಲ, ಆದರೆ ನಮ್ಮಲ್ಲಿ ಯಾರೂ ಹತ್ತಿದ್ದಿಲ್ಲ. ಸೊಂಟ ಹೋದವರು, ಮಂಡಿ ಹೋದವರು ಮೇಲೆಯೇ ಉಳಿದು ಮುದುಕರಾಗುತ್ತಾರೆ. ಕೊನೆಗೆ ಕಾಲಿಗೆ ಇಟ್ಟಿಗೆ ಕಟ್ಟಿ ಎಳೆಸಿ ಆರು ವಾರ ಮಲಗಿಸಿದರು. ಮೂಳೆ ಕೂಡಿತು, ಸೊಟ್ಟಗೆ. ವಾಕರ್ ಹಿಡಿದು ನಡುಮನೆಯಿಂದ ಬಾಗಿಲಿಗೆ ಬರುತ್ತಿದ್ದ, ಅಷ್ಟೇ.

ಸಂಜೆಯಾದರೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಬೀದಿಯ ಆಚೆಗೆ ಹೊರುವವರ ಕಟ್ಟೆ. ಅಲ್ಲಿ ನಾವು ಇಪ್ಪತ್ತಾರು ಜನ ಸವಾರಿಗೆ ಕಾಯುತ್ತ ಕೂರುವುದು. ಅಪ್ಪನ ಜೊತೆಗೇ ಕಸುಬಿಗೆ ಬಂದ ಜವರಯ್ಯ ಕೆಳಗಿನಿಂದ ಕೂಗುತ್ತಿದ್ದ. “ಏನ್ಲಾ ಈರಬದ್ರಾ, ಉಂಡ್ಯೇನ್ಲಾ?” ಅಪ್ಪ ಮೇಲಿನಿಂದ, “ಉಣ್ದೆ ನಿನ್ ಮನೆಗ್ ಬರ್ಲೇನ್ಲಾ, ಮುದಿ ಗೂಬೆ!” ಎನ್ನುತ್ತಿದ್ದ. ಆಮೇಲೆ ಕೆಳಗೆ ಅವರವರಲ್ಲೇ ಏನೋ ಮಾತಾಡಿಕೊಂಡು ನಗುತ್ತಿದ್ದರು. ಅದು ಮೇಲಕ್ಕೆ ಕೇಳುತ್ತಿರಲಿಲ್ಲ. ನಾನು ಮನೆಗೆ ಬಂದ ಕೂಡಲೇ ಅಪ್ಪ ಕೇಳುತ್ತಿದ್ದ: “ಯಾಕ್ ನಕ್ರು? ಜವ್ರ ಏನಂದ?” ನಾನು ಹೇಳುತ್ತಿದ್ದೆ. ಮೂವತ್ತೊಂಬತ್ತು ಮೆಟ್ಟಿಲು ಹತ್ತಿದ ಮೇಲೆ ಯಾವ ತಮಾಷೆಯಲ್ಲೂ ಜೀವ ಉಳಿದಿರುವುದಿಲ್ಲ. ಅಪ್ಪ ಸುಮ್ಮನೆ ತಲೆಯಾಡಿಸುತ್ತಿದ್ದ. ಅವನಿಗೆ ಆಸ್ಪತ್ರೆ ಬೇಡ, ಪೇಟೆ ಬೇಡ. ಆ ಕಟ್ಟೆಯ ಮೇಲೆ ಹೋಗಿ ಕೂರಬೇಕಿತ್ತು, ಅವರಲ್ಲೊಬ್ಬನಾಗಿ. ಅಷ್ಟೇ ಬೇಕಿತ್ತು.

ಮುಮ್ತಾಜಕ್ಕನೇ ನನಗೆ ಹೇಳಿದ್ದು, ಪುರಸಭೆಯಲ್ಲಿ ಮನೆಯನ್ನು ಸರಿ ಮಾಡಿಸಿಕೊಳ್ಳಲು ನೆರವು ಸಿಗುತ್ತದೆ ಎಂದು. ನಡೆಯಲಾರದವರ ಮನೆಗೆ ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಅಗಲದ ಬಾಗಿಲು, ತೀರಾ ಬೇಕಾದವರಿಗೆ ರಾಟೆಕುರ್ಚಿ. ಮೆಟ್ಟಿಲ ಪಕ್ಕಕ್ಕೆ ಎರಡು ಕಬ್ಬಿಣದ ಹಳಿ ಹಾಕಿ, ಮೇಲೆ ರಾಟೆ, ಆ ಕಡೆಗೆ ಕಲ್ಲಿನ ತೂಕ. ಕುರ್ಚಿಯಲ್ಲಿ ಕೂತವರು ಪಕ್ಕದ ಹಿಡಿಯನ್ನು ತಿರುಗಿಸಿದರೆ ಇಳಿಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಏರುತ್ತದೆ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ.

“ಯಾರೂ ಎತ್ತಂಗಿಲ್ವಾ?”

“ಇಲ್ಲ ಕಣಪ್ಪ.”

“ನಾನೇ ತಿರುಗ್ಸ್ಕೋಬೋದಾ?”

“ಹೂಂ.”

ಅಪ್ಪ ಎರಡೂ ತೋಳುಗಳನ್ನು ಮುಂದೆ ಚಾಚಿ ನೋಡಿಕೊಂಡ. “ತೋಳ್ಗೇನ್ ಆಗಿಲ್ಲ” ಎಂದ. ಆ ದಿನವೇ ಕನ್ನಡಿ ತರಿಸಿಕೊಂಡು ಗಡ್ಡ ಹೆರೆದುಕೊಂಡ. ಕುರ್ಚಿ ನಾಳೆಯೇ ಬರುತ್ತದೇನೋ ಎನ್ನುವ ಹಾಗೆ.

ಅರ್ಜಿಗೆ ಡಾಕ್ಟರ ಚೀಟಿ ಬೇಕು, ಅಕ್ಕಪಕ್ಕದ ಇಬ್ಬರ ಸಹಿ ಬೇಕು, ಮೆಟ್ಟಿಲ ಲೆಕ್ಕ ಬೇಕು. “ಬೇಗ ಓಡಾಡು ಚೆಲುವ” ಎಂದಳು ಮುಮ್ತಾಜಕ್ಕ. “ನಲವತ್ತು ಮುಟ್ಟಿದ್ರೆ ಅದು ಮನೆ ಅಲ್ಲ, ಗುಡ್ಡ ಅಂತ ಲೆಕ್ಕ. ಆಮೇಲೆ ಪುರಸಭೆಗೆ ಸಂಬಂಧ ಇಲ್ಲ, ಅರಣ್ಯದೋರ ಹತ್ರ ಹೋಗ್ಬೇಕು. ಅಲ್ಲಿಗೆ ಅರ್ಜಿ ಹಾಕಿದೋರು ಇನ್ನೂ ಅಲ್ಲೇ ಅವ್ರೆ.” ಮಳೆಗಾಲಕ್ಕೆ ಮುಂಚೆಯೇ ಹಾಕಿದೆ. ಒಂದು ತಿಂಗಳಿಗೆ ಬಚ್ಚಲ ಕಂಬಿ ಬಂತು, ಮೊಳದುದ್ದದ್ದು. ಅಪ್ಪ ಅದನ್ನು ಹಿಡಿದು ಎದ್ದು ನಿಂತು, “ಗೌರ್ಮೆಂಟು ಗಟ್ಟಿಯಾಗೇ ಮಾಡೈತೆ” ಎಂದ. ಇನ್ನು ಕುರ್ಚಿಗೆ ತಪಾಸಣೆಯವರು ಬಂದು ನೋಡಬೇಕಿತ್ತು.

ಬಂದವರು ಯೋಗಾನಂದ ಎನ್ನುವವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಸಮತಟ್ಟಾದ ಯಾವುದೋ ಊರಿನಿಂದ ಹೊಸದಾಗಿ ವರ್ಗವಾಗಿ ಬಂದವರು. ಕಂಕುಳಲ್ಲಿ ಫೈಲು, ಕಾಲಿಗೆ ಮಿರುಗುವ ಬೂಟು. ನಮ್ಮ ಮನೆಯ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಕರವಸ್ತ್ರ ತೆಗೆದು ಇನ್ನೂ ಬೆವರದ ಹಣೆಯನ್ನು ಒರೆಸಿಕೊಂಡರು. ಆಮೇಲೆ ಮೊದಲನೆಯ ಮೆಟ್ಟಿಲ ಮೇಲೆ ಕಾಲಿಟ್ಟರು.

ಅಲ್ಲೇ ನಾನು ಕೈಕಟ್ಟಿ ನಿಂತಿದ್ದರೆ ಸಾಕಿತ್ತು. ಈ ಮಾತನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ. ನಮ್ಮ ಮನೆಗೆ ಒಬ್ಬ ಅಧಿಕಾರಿ ಕಾಲಲ್ಲಿ ಹತ್ತಿ ಬರುವುದೆಂದರೆ ಏನು? ಅಡುಗೆಯವನ ಮನೆಯಲ್ಲಿ ನೆಂಟ ಹಸಿದು ಕೂತ ಹಾಗೆ. ಬುದ್ಧಿ ಓಡುವುದಕ್ಕೆ ಮುಂಚೆ ಬೆನ್ನು ಬಾಗಿತ್ತು. “ಸಾರ್, ಇರಿ” ಎಂದು ಅವರ ಮುಂದೆ ಮಂಡಿಯೂರಿ ಮಣೆ ಕೊಟ್ಟೆ.

“ಬೇಡಪ್ಪ. ನಾನೇ ಹತ್ತಿ ನೋಡಬೇಕು. ನಿಯಮ ಇದೆ.”

“ನಮ್ಮನೆಗ್ ಬಂದು ನೀವ್ ಹತ್ತೋದಾ ಸಾರ್? ಊರೋರು ನನ್ ಮುಖಕ್ ಉಗೀತಾರೆ. ಕೂತ್ಕಳಿ.”

ಕಟ್ಟೆಯಿಂದ ಎಲ್ಲರೂ ನೋಡುತ್ತಿದ್ದರು. ಬಾಗಿಲಲ್ಲಿ ಅಪ್ಪ ವಾಕರ್ ಹಿಡಿದು ನಿಂತಿದ್ದ. “ಕೂರ್ಸ್ಕಂಡ್ ಬಾ ಚೆಲ್ವಾ!” ಎಂದು ಕೂಗಿದ. “ಹನ್ನೆರಡ್ನೇದು ಒಡ್ದೈತೆ, ನೋಡ್ಕಂಡು! ಸಾಹೇಬ್ರಿಗೆ ಕುಲುಕ್ಬಾರ್ದು! ನಿನ್ ಉಸ್ರು ಅವ್ರಿಗ್ ಕೇಳಿಸ್ಬಾರ್ದು!”

ಯೋಗಾನಂದರು ಕೂತರು. ನಾನು ಎದ್ದೆ. ಅವತ್ತು ಹೊತ್ತ ಹಾಗೆ ನಾನು ಅದಕ್ಕೆ ಮುಂಚೆ ಯಾರನ್ನೂ ಹೊತ್ತಿರಲಿಲ್ಲ. ತುದಿಗಾಲು ಮೊದಲು, ಆಮೇಲೆ ಹಿಮ್ಮಡಿ, ಸೊಂಟ ಒಂದೇ ಮಟ್ಟ. ಹನ್ನೆರಡನೆಯದನ್ನು ಹೇಗೆ ದಾಟಿದೆನೆಂದು ನನಗೇ ಗೊತ್ತಾಗಲಿಲ್ಲ. ಇಪ್ಪತ್ತೈದರ ಹತ್ತಿರ ಅವರು, “ಆಹಾ, ಎಷ್ಟು ಚೆನ್ನಾಗಿ ಗಾಳಿ ಬರ್ತಿದೆ ಇಲ್ಲಿ” ಎಂದರು. ಮೇಲೆ ಇಳಿಸಿದಾಗ ಅಪ್ಪನ ಕಣ್ಣು ಒದ್ದೆಯಾಗಿತ್ತು. ಸಾಹೇಬರಿಗೆ ಕೈಮುಗಿದು, ನನ್ನ ಕಡೆ ತಿರುಗಿ ಮೆಲ್ಲಗೆ, “ಒಂದ್ ತೊಟ್ಟೂ ಚೆಲ್ಲಲಿಲ್ಲ ಕಣ್ಲಾ” ಎಂದ. ಹತ್ತು ವರ್ಷಕ್ಕೆ ಮೊದಲ ಸಲ. ಅವತ್ತು ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಸಾಹೇಬರು ಕಾಫಿ ಕುಡಿದರು. ಬಚ್ಚಲ ಕಂಬಿ ನೋಡಿದರು. ಅಪ್ಪನನ್ನು ನಿಲ್ಲಲು ಹೇಳಿದಾಗ ಅಪ್ಪ ಸೈನಿಕನ ಹಾಗೆ ಎದೆಯುಬ್ಬಿಸಿ ನಿಂತ. ಮತ್ತೆ ನಾನು ಅವರನ್ನು ಅಷ್ಟೇ ನಯವಾಗಿ ಕೆಳಗಿಳಿಸಿದೆ. ಅವರು ತಮಗೆ ಕಂಡದ್ದನ್ನು ಬರೆದರು. ಸುಳ್ಳೇನೂ ಬರೆಯಲಿಲ್ಲ. ಅವರ ಪಾಲಿಗೆ ಅಲ್ಲಿ ಮೆಟ್ಟಿಲೇ ಇರಲಿಲ್ಲ.

ಆ ವರದಿಯನ್ನೇ ನಂಜರಾಜ ಹತ್ತೊಂಬತ್ತು ಜನರ ಮುಂದೆ ಓದಿದ್ದು. ನನ್ನನ್ನು ಹೊರಗೆ ಎಳೆತಂದ ಮುಮ್ತಾಜಕ್ಕ ಮೇಜಿನ ಮುಂದೆ ಕೂರಿಸಿ, ನೀರು ಕೊಟ್ಟು, ತಾನೇ ಒಂದು ಮೇಲ್ಮನವಿ ಬರೆದಳು. “ಮರುತಪಾಸಣೆ ಆಗ್ಲಿ, ಈ ಸಲ ಸಾಹೇಬ್ರು ತಮ್ಮ ಕಾಲಲ್ಲೇ ಹತ್ಲಿ ಅಂತ ಬರ್ದಿದೀನಿ. ಸಹಿ ಹಾಕು.” ಹಾಕಿದೆ. “ಹದಿನೈದು ದಿನದೊಳಗೆ ಬಂದೇ ಬರ್ತಾರೆ. ಅಲ್ಲೀವರ್ಗೂ ನೀನು ಏನೂ ಮಾಡ್ಬೇಡ. ಕೈ ಮುಗೀತೀನಿ ಕಣಪ್ಪಾ, ಸುಮ್ನಿರು. ನಿನ್ನಿಂದ ಅದೊಂದೇ ಕೆಲಸ ನಾನು ಕೇಳ್ತಿರೋದು.”

ಹದಿನೈದು ದಿನ. ಆಗಲೇ ಮೋಡ ತೆಳ್ಳಗಾಗಿತ್ತು. ಮಧ್ಯಾಹ್ನದ ಬಿಸಿಲು ಬೀಳತೊಡಗಿತ್ತು. ನಲವತ್ತನೆಯ ಮೆಟ್ಟಿಲು ಯಾವ ಬೆಳಿಗ್ಗೆಯಾದರೂ ಬರಬಹುದಿತ್ತು. ನಾನು ಮನೆಯ ಕಡೆ ನಡೆದೆ. ಸುದ್ದಿ ನನಗಿಂತ ಮುಂಚೆ ಕಟ್ಟೆ ಮುಟ್ಟಿತ್ತು. “ಏನೋ ಚೆಲ್ವಾ, ಸಾಹೇಬ್ರು ಹಗೂರ, ಅಪ್ಪ ಬಾರ ಅಂತ ಬರ್ಸಿದ್ಯಂತೆ!” ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಕಟ್ಟೆಯ ಮಾತೇ ಹಾಗೆ, ನಾನೂ ಬೇರೆಯವರಿಗೆ ಎಷ್ಟೋ ಸಲ ಅಂದಿದ್ದೇನೆ. ಆದರೆ ಅವತ್ತು ಅದು ಕಿವಿಯಲ್ಲಿ ಕಾದ ಎಣ್ಣೆ ಹೊಯ್ದ ಹಾಗಾಯಿತು. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ.

ಅಪ್ಪ ಬಾಗಿಲಲ್ಲೇ ಕೂತಿದ್ದ. “ಏನಂದ್ರು? ಕುರ್ಚಿ ಯಾವಾಗ್ ಬರ್ತದಂತೆ?”

“ನೀನ್ ಬಾಯ್ ಮುಚ್ಕೊಂಡಿದ್ದಿದ್ರೆ ಬರ್ತಿತ್ತು! ಕುಲುಕ್ಬ್ಯಾಡ, ಉಸ್ರು ಬಿಡ್ಬ್ಯಾಡ ಅಂದ್ಯಲ್ಲ! ಕುಲುಕಿದ್ರೆ ಬರ್ತಿತ್ತು ಕಣಪ್ಪಾ! ಬೀಳ್ಸಿದ್ರೆ ನಾಳೇನೇ ಬರ್ತಿತ್ತು!”

ಅಪ್ಪನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವಷ್ಟು ಪುರುಸೊತ್ತು ನನಗಿರಲಿಲ್ಲ. “ಬಾ” ಎಂದೆ. “ಕಟ್ಟೆ ತಾನೇ ಬೇಕಾಗಿರೋದು? ಇವತ್ತೇ ಕೂರ್ಸ್ತೀನಿ ಬಾ. ಯಾವನ ಕುರ್ಚೀನೂ ಬ್ಯಾಡ.”

“ಬ್ಯಾಡ ಕಣ್ಲಾ.”

“ಎಲ್ಲಾರೂ ಹೊರ್ಲಿ ಅಂತಾವ್ರೆ. ಹೊರ್ತೀನಿ.”

“ಚೆಲ್ವಾ, ಬ್ಯಾಡ ಕಣ್ಲಾ ಮಗಾ.”

ಅಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ತೋಳಿಗೆ ಏನೂ ಆಗಿಲ್ಲ ಎಂದಿದ್ದನಲ್ಲ, ನಿಜ, ಅವನ ಹಿಡಿತ ಕಬ್ಬಿಣದ ಹಾಗಿತ್ತು. ನಾನು ಒಂದೊಂದೇ ಬೆರಳನ್ನು ಬಿಡಿಸಿದೆ. ಬಿಡಿಸಿದ ಬೆರಳು ಮತ್ತೆ ಹೋಗಿ ಹಿಡಿಯುತ್ತಿತ್ತು, ಮತ್ತೆ ಬಿಡಿಸಿದೆ. ಹತ್ತನ್ನೂ. ಮಣೆಗೆ ಕೂರಿಸಿ ಪಟ್ಟಿ ಬಿಗಿದೆ. ನಾನು ಧಡಧಡ ಇಳಿದೆ. ಸಿಟ್ಟಿನಲ್ಲಿ ಪ್ರತಿ ಮೆಟ್ಟಿಲಿಗೂ ಕುಲುಕಿದೆ. ಒಡೆದದ್ದರ ಮೇಲೆ ಎಡವಿದೆ ಕೂಡ. ಅವನು ಕಲಿಸಿದ್ದರಲ್ಲಿ ಒಂದನ್ನೂ ಅವನ ಮೇಲೆ ಮಾಡಲಿಲ್ಲ.

ನಟ್ಟ ನಡು ಮಧ್ಯಾಹ್ನ, ಬೀದಿಯ ತುಂಬ ಬಿಸಿಲು. ಅಪ್ಪನನ್ನು ಬೆನ್ನ ಮೇಲೆ ಹೊತ್ತು ನಾನು ಕಟ್ಟೆಯ ಮುಂದೆ ನಿಂತಾಗ ಯಾರೂ ನಗಲಿಲ್ಲ. ಎಲ್ಲರೂ ಎದ್ದು ನಿಂತರು. ಸವಾರಿ ಬಂದರೆ ನಾವು ಎದ್ದು ನಿಲ್ಲುತ್ತೇವೆ, ಅದು ರೂಢಿ. ಜವರಯ್ಯ ಹೆಗಲ ಮೇಲಿನ ಟವೆಲು ತೆಗೆದು ಕಲ್ಲನ್ನು ಒರೆಸಿದ. “ಬನ್ನಿ, ಕೂತ್ಕೊಳ್ಳಿ ಈರಭದ್ರಯ್ನೋರೆ” ಎಂದ.

ಅಪ್ಪ ಅವನ ಮುಖವನ್ನೇ ನೋಡಿದ. ಗೇಲಿ ಮಾಡುತ್ತಿದ್ದಾನೇನೋ ಎಂದು ಹುಡುಕಿದ. ಗೇಲಿಯಿದ್ದಿದ್ದರೆ ಚೆನ್ನಾಗಿತ್ತು. “ಏನ್ಲಾ ಜವ್ರಾ, ನಾನ್ ಕಣ್ಲಾ” ಎಂದ.

“ಗೊತ್ತು, ಕೂತ್ಕೊಳ್ಳಿ. ಟೀ ಹೇಳ್ಲಾ ತಮಗೆ?”

ಜವರಯ್ಯನನ್ನು ನಾನು ದೂರುವುದಿಲ್ಲ. ಮೂವತ್ತೇಳು ವರ್ಷದ ನಾಲಗೆ ಅದು. ಒಮ್ಮೆ ಬೆನ್ನೇರಿದವರನ್ನು ಹೊರುವವನು ಏಕವಚನದಲ್ಲಿ ಕರೆಯಲಾರ, ಅವನ ಬಾಯಿಗೆ ಬರುವುದೇ ಇಲ್ಲ. ಟೀ ಬಂತು. ಅಪ್ಪ ಕಲ್ಲಿನ ಮೇಲೆ ಒಬ್ಬನೇ ಕೂತು ಕುಡಿದ. ಮಿಕ್ಕವರು ಸುತ್ತ ನಿಂತೇ ಇದ್ದರು. ಯಾರೋ ಬಿಸಿಲು ಜಾಸ್ತಿ ಎಂದರು, ಇನ್ಯಾರೋ ಹೌದು ಎಂದರು. ಎರಡು ವರ್ಷ ಮೇಲಿನಿಂದ ಕೇಳಿಸಿಕೊಳ್ಳಲು ಹಂಬಲಿಸಿದ ಮಾತು ಅವನ ಮುಂದೆ ಬಾಯಿ ಕಟ್ಟಿಕೊಂಡು ನಿಂತಿತ್ತು. ಅರ್ಧ ಲೋಟಕ್ಕೇ ಅಪ್ಪ ನನ್ನ ಕಡೆ ನೋಡಿ, “ಮನೆಗ್ ಹೋಗಾನ” ಎಂದ. ಹೋಗುವಾಗ ಮಣೆಯ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸವಾರಿಗಳು ಕೂರುವ ಹಾಗೆಯೇ ಕೂತ. ಈ ಸಲ ನಯವಾಗಿ ಹತ್ತಿದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮಾರನೆಯ ದಿನದಿಂದ ಸ್ಟೂಲು ಬಾಗಿಲಿನಿಂದ ಒಳಗೆ ಹೋಯಿತು. ಸಂಜೆ ಜವರಯ್ಯ ಕೆಳಗಿನಿಂದ, “ಊಟ ಆಯ್ತಾ, ಈರಭದ್ರಯ್ನೋರೆ?” ಎಂದು ಕೂಗಿದ. ಅಪ್ಪ ಒಳಗಿನಿಂದಲೇ, “ಆಯ್ತು” ಎಂದ. ಕೆಳಗೆ ಕೇಳಿಸುವಷ್ಟು ಜೋರಾಗಿ ಅನ್ನಲಿಲ್ಲ. ಜವರಯ್ಯ ಇನ್ನೂ ಎರಡು ದಿನ ಕೂಗಿ ಬಿಟ್ಟುಬಿಟ್ಟ.

ಒಂಬತ್ತನೇ ದಿನ ಯೋಗಾನಂದರು ಮರುತಪಾಸಣೆಗೆ ಬಂದರು. ಈ ಸಲ ನಾನು ಮಣೆ ಕೊಡಲಿಲ್ಲ, ಅವರೂ ಕೇಳಲಿಲ್ಲ. ಕಾಲಲ್ಲೇ ಹತ್ತಿದರು. ಹನ್ನೆರಡನೆಯದರಲ್ಲಿ ಎಡವಿ ಮಂಡಿ ತರಚಿಕೊಂಡರು. ಇಪ್ಪತ್ತಮೂರರಲ್ಲಿ ಕೂತರು. ಮೂವತ್ತರಲ್ಲಿ ಮತ್ತೆ ಕೂತರು. ಮೇಲೆ ಬಂದು ಒಂದು ಚೊಂಬು ನೀರನ್ನು ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಚೊಂಬು ಕೇಳಿದರು. ಗೋಡೆಗೊರಗಿ ಕಣ್ಣುಮುಚ್ಚಿ, “ಅವತ್ತು ನನಗೆ ಗೊತ್ತೇ ಆಗ್ಲಿಲ್ಲಪ್ಪ. ತಪ್ಪಾಯ್ತು” ಎಂದರು. ಅವರನ್ನು ಹೊಡೆಯಬೇಕೆಂದು ಒಂಬತ್ತು ದಿನದಿಂದ ಅಂದುಕೊಂಡಿದ್ದೆ. ತಪ್ಪಾಯ್ತು ಎಂದವರ ಮುಂದೆ ಈ ಕೈಯನ್ನು ಏನು ಮಾಡಬೇಕೆಂದು ನನಗೆ ತಿಳಿಯುವುದಿಲ್ಲ. ಅಲ್ಲೇ ಕೂತು ವರದಿ ಬರೆದರು. ವಾರದೊಳಗೆ ಮಂಜೂರಾಯಿತು. ನಂಜರಾಜ ಕಾಗದ ಕೊಡುವಾಗ ತಲೆಯೆತ್ತಲಿಲ್ಲ.

ಹಳಿ ಬಂತು, ರಾಟೆ ಬಂತು, ಕಲ್ಲಿನ ತೂಕ ಬಂತು. ಕೆಲಸದವರು ನಾಲ್ಕು ದಿನದಲ್ಲಿ ಹಾಕಿ ಮುಗಿಸಿದರು. ಅದಾದ ಎರಡನೇ ಬೆಳಿಗ್ಗೆ ನಲವತ್ತನೆಯ ಮೆಟ್ಟಿಲು ಬಂತು. ಅಂದರೆ ಎಲ್ಲವೂ ಸರಿಯಾದ ಸಮಯಕ್ಕೇ ಆಗಿತ್ತು. ಮುಮ್ತಾಜಕ್ಕ ಹೇಳಿದ ಹದಿನೈದು ದಿನ ನಾನು ಸುಮ್ಮನಿದ್ದಿದ್ದರೆ ಏನೂ ಕೆಡುತ್ತಿರಲಿಲ್ಲ. ಮೊದಲು ಒಂದು ಮೂ​ಟೆ ಅಕ್ಕಿ ಇಟ್ಟು ಇಳಿಸಿ ನೋಡಿದೆವು, ಆಮೇಲೆ ನಾನೇ ಕೂತೆ. ಹಿಡಿ ತಿರುಗಿಸಿದರೆ ಬೆಣ್ಣೆಯಲ್ಲಿ ಜಾರಿದ ಹಾಗೆ ಇಳಿಯಿತು. ಬೀದಿಯ ಮುದುಕಿಯರೆಲ್ಲ ನೋಡಲು ಬಂದರು, ಮುಮ್ತಾಜಕ್ಕನ ಮೇಜಿನ ಮುಂದೆ ಸಾಲು ಹತ್ತಿತು.

ಅಪ್ಪ ವಾಕರ್ ಹಿಡಿದು ಬಾಗಿಲಿಗೆ ಬಂದ. ಹಿಡಿಯ ಮೇಲೆ ಕೈಯಿಟ್ಟು ಅರ್ಧ ಸುತ್ತು ತಿರುಗಿಸಿದ. “ಚೆನ್ನಾಗ್ ಮಾಡವ್ರೆ” ಎಂದ.

“ಕೂತ್ಕೊಳಪ್ಪ. ಯಾರೂ ಎತ್ತಲ್ಲ. ನೀನೇ ತಿರುಗ್ಸ್ಕೋಬೋದು.”

“ಇನ್ ಯಾರ್ ಎತ್ತಿದ್ರೇನು, ಬಿಟ್ರೇನು?”

“ಕಟ್ಟೆಗ್ ಹೋಗಿ ಬಾರಪ್ಪ, ಒಂದೇ ಒಂದ್ ಸಲ.”

“ಅಲ್ಲಿ ಹೋಗಿ ಏನ್ ಮಾಡ್ಲಿ ಚೆಲ್ವಾ?” ಎಂದ. ಬೈದಿದ್ದರೆ, ತಲೆಗೊಂದು ಹೊಡೆದಿದ್ದರೆ ನನಗೆ ಬದುಕಿದಂತಾಗುತ್ತಿತ್ತು. ಅವನು ಸಮಾಧಾನವಾಗಿಯೇ ಹೇಳಿದ. “ನಾನ್ ಹೋದ್ರೆ ಎಲ್ಲಾರೂ ಎದ್ ನಿಂತ್ಕತಾರೆ.” ಒಳಗೆ ಹೋದ.

ಕಟ್ಟೆಯಲ್ಲಿ ನಾನು ಒಬ್ಬೊಬ್ಬರನ್ನೂ ಕೇಳಿಕೊಂಡೆ. ಮೊದಲಿನ ಹಾಗೆಯೇ ಕರೆಯಿರಿ ಎಂದೆ. ಜವರಯ್ಯ ಪ್ರಯತ್ನವನ್ನೂ ಮಾಡಿದ. ಒಂದು ಸಂಜೆ ನಮ್ಮ ಮನೆಯ ಕೆಳಗೆ ನಿಂತು, “ಏನ್ಲಾ ಈರಬದ್ರಾ” ಎಂದು ಕೂಗಿದ. ಅವನ ದನಿ ಮಧ್ಯದಲ್ಲೇ ಮುರಿಯಿತು, ಕಲಿಸಿಕೊಟ್ಟ ಮಾತನ್ನು ಮಕ್ಕಳು ಒಪ್ಪಿಸುವ ಹಾಗೆ ಕೇಳಿಸಿತು. ಒಳಗೆ ಅಪ್ಪ ಗೋಡೆಯ ಕಡೆ ಮಗ್ಗುಲಾದ.

ತಿಂಗಳು ಕಳೆದ ಮೇಲೆ ಯೋಗಾನಂದರು ಇನ್ನೊಂದು ಕಾಗದ ಹಿಡಿದು ಬಂದರು. ನೆರವು ಕೊಟ್ಟ ಮೇಲೆ ಅದು ಬಳಕೆಯಾಗುತ್ತಿದೆಯೇ ಎಂದು ನೋಡಿ ಬರೆದುಕೊಳ್ಳುವುದಂತೆ. ಅವರ ಬೆನ್ನಿಗೇ, ತಾವೂ ಅರ್ಜಿ ಹಾಕಿದ್ದ ನಾಲ್ಕಾರು ಮಂದಿ ಕುರ್ಚಿ ನೋಡಲು ಬಂದು ಮೆಟ್ಟಿಲ ಮೇಲೆ ಅಲ್ಲಲ್ಲಿ ಕೂತಿದ್ದರು. ಕುರ್ಚಿಯ ಮೇಲೆ ನನ್ನದೊಂದು ಒದ್ದೆ ಅಂಗಿ ಒಣಗುತ್ತಿತ್ತು. ಸಾಹೇಬರು ಅದನ್ನು ನೋಡಿದರು, ತೆರೆದ ಬಾಗಿಲೊಳಗೆ ನೋಡಿದರು. ಒಳಗೆ ಅಪ್ಪ ಒಮ್ಮೆ ಕೆಮ್ಮಿದ.

“ನಿಮ್ಮ ತಂದೆಯವರು ಬಳಸ್ತಿಲ್ವಾ?”

“ಇಲ್ಲ ಸಾರ್.”

“ಹಗ್ಗ ಏನಾದ್ರೂ ಸಡಿಲ ಆಗಿದೆಯಾ?”

“ಇಲ್ಲ.”

“ಹಿಡಿ ಬಿಗಿನಾ? ತಿರುಗಿಸೋಕೆ ಕಷ್ಟನಾ?”

“ಚೆನ್ನಾಗೈತೆ ಸಾರ್. ಎಲ್ಲಾ ಚೆನ್ನಾಗೈತೆ.”

ಅವರು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಒಂದು ಕಡೆ ಗುರುತು ಹಾಕಿದರು. ಅದರ ಕೆಳಗೆ ಎರಡು ಗೆರೆಯಷ್ಟು ಖಾಲಿ ಜಾಗವಿತ್ತು. ಪೆನ್ನನ್ನು ಅಲ್ಲಿಟ್ಟು ತಲೆಯೆತ್ತಿದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದರು. “ಇಲ್ಲ ಅಂತ ಹಾಕಿದ್ರೆ ಕಾರಣ ಬರೀಬೇಕಪ್ಪ. ಏನಂತ ಬರ್ಕೊಳ್ಲಿ, ಚೆಲುವ?”

ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಗೋಡೆಗೆ ಒರಗಿಸಿದ್ದ ಮಣೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡೆ, ಪಟ್ಟಿ ಬಿಗಿದುಕೊಂಡೆ, ಅವರ ನಡುವೆ ದಾರಿ ಮಾಡಿಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೊರಟುಹೋದೆ.